ಐದು ಮನೆಯ ಹಿಟ್ಟು

ನಮ್ಮ ಮನೆಯಲ್ಲಿ ಯಾರಾದರೂ ಮಾತಾಡುತ್ತಾ ಥಟ್ಟನೆ ಬಾಯಿ ಮುಚ್ಚಿದರೆ ಅವರಿಗೆ ಸಿಟ್ಟು ಬಂದಿದೆ ಎಂದು ಅರ್ಥವಲ್ಲ, ತಲೆಯ ಮೇಲೆ ವಿಮಾನ ಹೋಗುತ್ತಿದೆ ಎಂದು ಅರ್ಥ. ಲಂಡನ್ನಿನ ಹೌನ್ಸ್ಲೋದ ಅಂಚಿನಲ್ಲಿ, ಹೀಥ್ರೋಗೆ ಇಳಿಯುವ ವಿಮಾನಗಳ ನೇರ ಹಾದಿಯಲ್ಲಿದ್ದ ಮನೆ ಅದು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ವಿಮಾನದ ಗಾಲಿ ಹೊರಬರುವುದು ಕಾಣುತ್ತಿತ್ತು, ಕಪಾಟಿನಲ್ಲಿ ಸ್ಟೀಲ್ ತಾಟುಗಳು ಸಣ್ಣಗೆ ಗೊಣಗುತ್ತಿದ್ದವು. ಅಪ್ಪ ಅವ್ವನ ಜಗಳಕ್ಕೂ ಇದೇ ನಿಯಮ. ಅವ್ವ ಏನೋ ಹೇಳಲು ಶುರುಮಾಡಿ, ಸದ್ದು ಬಂದೊಡನೆ ನಿಲ್ಲಿಸಿ, ಸೌಟನ್ನು ಎತ್ತಿ ಹಿಡಿದುಕೊಂಡೇ ಕಾದು, ವಿಮಾನ ದಾಟಿದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದಳು. ಅಷ್ಟರಲ್ಲಿ ಅಪ್ಪನಿಗೆ ಎಷ್ಟೋ ಸಲ ನಗು ಬಂದುಬಿಡುತ್ತಿತ್ತು. ಈಗ ನಾನು ಪಿನ್ನರ್‌ನ ಗಪ್‌ಚಿಪ್ ಬೀದಿಯಲ್ಲಿ ಗಂಡ, ಮಗಳ ಜೊತೆ ಇದ್ದೇನೆ. ಇಲ್ಲಿ ನಮ್ಮ ಜಗಳಗಳಿಗೆ ನಡುವೆ ಯಾವ ವಿಮಾನವೂ ಅಡ್ಡ ಬರುವುದಿಲ್ಲ. ಅದಕ್ಕೇ ಅವು ಸುಮ್ಮನೆ ಉದ್ದವಾಗುತ್ತವೆ ಎಂದು ನನ್ನ ಅನುಮಾನ.

ಮನೆ ಎಂದರೆ ಬರೀ ಮನೆ ಅಲ್ಲ. ಅದೊಂದು ಚಿಕ್ಕ ಲೇನ್, ಅದರಲ್ಲಿ ಆರೇ ಮನೆ, ಕೊನೆಯದು ನಮ್ಮದು. ನಮ್ಮ ಹಿತ್ತಿಲಿಗೆ ಹೊಂದಿಕೊಂಡು ಹಳೆಯ ಗಾಜಿನ ಮನೆಗಳು ಉದ್ದಕ್ಕೆ ಮಲಗಿದ್ದವು. ಅಪ್ಪ ಧಾರವಾಡದಲ್ಲಿ ಕೃಷಿ ಓದಿ, ಇಲ್ಲಿಯ ಒಬ್ಬ ಮುದುಕ ಬೆಳೆಗಾರನ ಬಳಿ ಟೊಮ್ಯಾಟೊ ಬೆಳೆಯಲು ಬಂದವನು. ಮುದುಕನ ಮೊಣಕಾಲು ಕೈಕೊಟ್ಟ ಮೇಲೆ ಅವನು ಮನೆ, ಗಾಜಿನ ಮನೆ ಎಲ್ಲವನ್ನೂ ಅಪ್ಪನಿಗೆ ಲೀಸಿಗೆ ಬಿಟ್ಟು ಸಮುದ್ರದ ಕಡೆಯ ಊರಿಗೆ ಹೋದ. ಅಪ್ಪ ಟೊಮ್ಯಾಟೊ ಕಿತ್ತು ಕೊತ್ತಂಬರಿ, ಮೆಂತ್ಯ, ಹಸಿಮೆಣಸಿನಕಾಯಿ ಹಾಕಿದ. ಒಂದು ಮೂಲೆಯಲ್ಲಿ, ಅತಿ ಬೆಚ್ಚಗಿನ ಜಾಗದಲ್ಲಿ, ತನ್ನ ಅವ್ವನಿಗಾಗಿ ಪುಂಡಿಪಲ್ಯದ ಹುಳಿಸೊಪ್ಪು ಬೆಳೆಸಿದ. ವಾರಕ್ಕೆರಡು ಸಲ ಬಿಳಿ ವ್ಯಾನಿನಲ್ಲಿ ಸೊಪ್ಪು ತುಂಬಿಕೊಂಡು ನಮ್ಮವರು ಹೆಚ್ಚಾಗಿದ್ದ ರೇನರ್ಸ್ ಲೇನ್ ಬಡಾವಣೆಯ ಅಂಗಡಿಗಳಿಗೆ ಹೋಗುತ್ತಿದ್ದ. ನಾನು ಶಾಲೆಯಿಲ್ಲದ ದಿನ ಜೊತೆಗೆ ಕೂರುತ್ತಿದ್ದೆ. ಒದ್ದೆ ಕೊತ್ತಂಬರಿಯ ವಾಸನೆ ಇಡೀ ವ್ಯಾನಿಗೆ, ಅಪ್ಪನ ಸ್ವೆಟರಿಗೆ, ನನ್ನ ಜಡೆಗೆ ಹತ್ತಿಕೊಂಡಿರುತ್ತಿತ್ತು. ಯುಗಾದಿಗೋ ದೀಪಾವಳಿಗೋ ಕನ್ನಡದವರು ಸೇರಿದಾಗ ಬೆಂಗಳೂರಿನಿಂದ ಬಂದ ಕಂಪ್ಯೂಟರ್ ಮಂದಿ ಅಪ್ಪನನ್ನು ಕೆಣಕುತ್ತಿದ್ದರು.

"ಅಲ್ಲಾ ಸಾರ್, ಲಂಡನ್ನಿಗೆ ಬಂದು ಯಾರಾದ್ರೂ ಕೊತ್ತಂಬ್ರಿ ಸೊಪ್ಪು ಬೆಳೀತಾರಾ?"

"ಬೆಳೀಲಿಲ್ಲಂದ್ರ ನಿಮ್ಮ ಬಿಸಿಬ್ಯಾಳಿಬಾತಿಗೆ ಏನು ಕಂಪ್ಯೂಟರ್ ಹೆಚ್ಚಿ ಹಾಕ್ಕೋತೀರೇನ್ರಿ?"

ಅಪ್ಪನ ಅವ್ವನನ್ನು ನಾವು ಆಯಿ ಎನ್ನುತ್ತಿದ್ದೆವು. ಸವದತ್ತಿಯ ಹತ್ತಿರದ ಹಳ್ಳಿಯವಳು, ಎಲ್ಲಮ್ಮನ ಭಕ್ತೆ. ಇಂಗ್ಲಿಷಿನಲ್ಲಿ ಆಕೆಗೆ ಬರುತ್ತಿದ್ದುದು ಥ್ಯಾಂಕ್ಯೂ ಒಂದೇ, ಅದನ್ನೂ ಬೈಯುವ ದನಿಯಲ್ಲಿ ಹೇಳುತ್ತಿದ್ದಳು. ಆಕೆ ಬಂದ ಹೊಸತರಲ್ಲಿ ಜೋಳದ ರೊಟ್ಟಿ ಬಡಿದು ಹಂಚಿಗೆ ಹಾಕಿದಾಗಲೆಲ್ಲ ಹೊಗೆಯ ಅಲಾರಂ ಕಿರುಚಿಕೊಳ್ಳುತ್ತಿತ್ತು. ಮೂರನೆಯ ದಿನ ಆಯಿ ಸ್ಟೂಲ್ ಹತ್ತಿ ಅವ್ವನ ಪ್ಲಾಸ್ಟಿಕ್ ಸ್ನಾನದ ಟೋಪಿಯನ್ನು ಅದಕ್ಕೆ ತೊಡಿಸಿದಳು. ಹಸುಗೂಸಿನ ಹಾಗೆ ಟೋಪಿ ಹಾಕಿಕೊಂಡು ಆ ಅಲಾರಂ ನಾವಿದ್ದಷ್ಟು ಕಾಲ ಸುಮ್ಮನೆ ಕೂತಿತ್ತು. ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದುದು ರೊಟ್ಟಿ ಬಡಿಯುವ ಸದ್ದಿಗೆ. ಮೊದಲ ರೊಟ್ಟಿ ಅಪ್ಪನಿಗೆ, ಎರಡನೆಯದು ನನ್ನ ತಮ್ಮ ಮಲ್ಲುವಿಗೆ, ಮೂರನೆಯದು ನನಗೆ. ಹೆಣ್ಣುಮಕ್ಕಳಿಗೆ ಯಾಕೆ ಮೂರನೆಯದು ಎಂದು ನಾನು ಕೇಳಿದರೆ, ಹಂಚು ಸರಿಯಾಗಿ ಕಾಯುವುದೇ ಮೂರನೆಯದಕ್ಕೆ, ಸುಮ್ಮನೆ ತಿನ್ನು ಎನ್ನುತ್ತಿದ್ದಳು. ಅದು ನಿಜವೂ ಆಗಿತ್ತು.

ಪಕ್ಕದ ಮನೆಯಲ್ಲಿ ಲಿಂಡಾ ಮತ್ತು ಟೆರ್ರಿ ಇದ್ದರು. ಟೆರ್ರಿ ವಿಮಾನ ನಿಲ್ದಾಣದಲ್ಲಿ ಲಗೇಜು ಸಾಗಿಸುವ ಕೆಲಸದವನು, ಮಾತು ಕಡಿಮೆ. ಲಿಂಡಾ ಬೇಲಿಯ ಮೇಲೆ ಮೊಣಕೈ ಊರಿಕೊಂಡು ಅವ್ವನ ಜೊತೆ ಹವಾಮಾನದಿಂದ ಹಿಡಿದು ಎಲ್ಲವನ್ನೂ ಮಾತಾಡುವವಳು. ಅವ್ವನ ಇಂಗ್ಲಿಷ್ ಹರಕುಮುರುಕಾದರೂ ಆಕೆಗೆ ಅದು ಅಡ್ಡಿಯಾಗಿರಲಿಲ್ಲ. ಅವರ ಒಬ್ಬನೇ ಮಗ ಡ್ಯಾರೆನ್ ನನಗೆ ಸೈಕಲ್ ಹೊಡೆಯುವುದನ್ನು ಕಲಿಸಿದ್ದ, ಗಾಜಿನ ಮನೆಯ ಹಲಗೆ ಒಡೆದಾಗ ಏಣಿ ಹಿಡಿದು ಅಪ್ಪನಿಗೆ ನೆರವಾಗುತ್ತಿದ್ದ. ಶನಿವಾರ ಅವ್ವ ಆ ಲೇನಿನ ಪ್ರತಿ ಮನೆಯ ಮೆಟ್ಟಿಲ ಮೇಲೂ ಒಂದೊಂದು ಕಟ್ಟು ಕೊತ್ತಂಬರಿ ಇಟ್ಟು ಬರುತ್ತಿದ್ದಳು. ಅವರು ಅದನ್ನು ಏನು ಮಾಡುತ್ತಿದ್ದರೋ ದೇವರೇ ಬಲ್ಲ. ಲಿಂಡಾ ಅಂತೂ ಹೂಜಿಯಲ್ಲಿ ನೀರು ಹಾಕಿ ಹೂವಿನ ಹಾಗೆ ಕಿಟಕಿಯಲ್ಲಿ ಇಡುತ್ತಿದ್ದಳು.

ಡ್ಯಾರೆನ್ ಸೈನ್ಯಕ್ಕೆ ಸೇರಿದ. ಆಮೇಲೆ ಇರಾಕಿನ ಯುದ್ಧ ಬಂತು. ಟೀವಿಯಲ್ಲಿ ಮರಳು, ಹೊಗೆ, ಟ್ಯಾಂಕು. ವಿಮಾನ ನಿಲ್ದಾಣದ ಸುತ್ತ ಬಂದೂಕು ಹಿಡಿದವರು. ವಿಮಾನದ ಹಾದಿಯ ಕೆಳಗೆ, ಮರೆಯಲ್ಲಿ, ಗಾಜಿನ ಮನೆ ಇಟ್ಟುಕೊಂಡಿರುವ ಕಂದು ಮನುಷ್ಯ ಎಂದರೆ ಅಪ್ಪ. ಪೊಲೀಸರು ಎರಡು ಸಲ ಬಂದು, ಮರ್ಯಾದೆಯಾಗಿಯೇ, ಗೊಬ್ಬರದ ಚೀಲಗಳನ್ನೆಲ್ಲ ಬಿಚ್ಚಿಸಿ ನೋಡಿ ಹೋದರು. ಒಂದು ಬೆಳಿಗ್ಗೆ ವ್ಯಾನಿನ ಮೇಲೆ ಯಾರೋ ಕಪ್ಪು ಬಣ್ಣದಲ್ಲಿ, ನಿಮ್ಮ ದೇಶಕ್ಕೆ ಹೋಗಿ ಎಂದು ಬರೆದಿದ್ದರು. ಇನ್ನೊಂದು ಬೆಳಿಗ್ಗೆ ಮೆಂತ್ಯದ ಮಡಿಗಳ ತುಂಬ ಗಾಜಿನ ಚೂರು. ಆ ಇಡೀ ಸೊಪ್ಪನ್ನು ಅಪ್ಪ ಕಿತ್ತು ಎಸೆಯಬೇಕಾಯಿತು, ತಿನ್ನುವವರ ಬಾಯಿಗೆ ಚೂರು ಹೋಗಬಾರದಲ್ಲ. ಶಾಲೆಯಲ್ಲಿ ಒಬ್ಬ ಹುಡುಗಿ ನಿಮ್ಮಪ್ಪ ಯಾರ ಕಡೆ ಎಂದು ಕೇಳಿದಳು. ನಾನು ಧಾರವಾಡದ ಕಡೆ ಎಂದೆ. ಅಪ್ಪ ಒಂದು ದಿನ ರೇನರ್ಸ್ ಲೇನಿನಿಂದ ಬರುವಾಗ ಬ್ರಿಟನ್ನಿನ ಬಾವುಟದ ಸ್ಟಿಕರನ್ನೂ, ನಾವು ಇಂಡಿಯಾದ ಹಿಂದೂಗಳು ಎಂದು ಇಂಗ್ಲಿಷಿನಲ್ಲಿ ಬರೆಸಿದ ಬೋರ್ಡನ್ನೂ ತಂದ. ಅಂಗಡಿಯವರು ಯಾರೋ ಉಪದೇಶ ಮಾಡಿದ್ದರು. ಅವ್ವ ಬಾವುಟಕ್ಕೆ ಏನೂ ಅನ್ನಲಿಲ್ಲ, ಬೋರ್ಡನ್ನು ಮಾತ್ರ ಕೈಯಿಂದ ಕಿತ್ತುಕೊಂಡಳು.

"ಇದನ್ನ ಹಾಕಿದ್ರ ಏನರ್ಥ? ನಮಗ ಬ್ಯಾಡ, ಮುಸಲ್ಮಾನರಿಗೆ ಕಲ್ಲು ಒಗೀರಿ ಅಂತ ನಾವs ಹೇಳಿಧಂಗ ಆತಲ್ಲ?"

"ನನ್ನ ಗಾಜು ಒಡದಾವ. ನಾ ಏನು ಮಾಡ್ಲಿ, ನೀನs ಹೇಳು."

ವಿಮಾನ ಬಂತು. ಇಬ್ಬರೂ ಸುಮ್ಮನಾದರು. ದಾಟಿಹೋದ ಮೇಲೂ ಅಪ್ಪ ಮುಂದುವರಿಸಲಿಲ್ಲ, ನಗಲೂ ಇಲ್ಲ. ಆ ಬೋರ್ಡಿನ ಹಿಂಬದಿಯ ಮೇಲೆ ಆಯಿ ಬಹಳ ದಿನ ಸಂಡಿಗೆ ಒಣಗಿಸಿದಳು.

ಆ ವಸಂತದಲ್ಲೇ ನಮ್ಮ ಶಾಲೆಯಲ್ಲಿ ಚಿಕನ್‌ಪಾಕ್ಸ್ ಹಬ್ಬಿತು. ಇಲ್ಲಿ ಅದೊಂದು ದೊಡ್ಡ ಸುದ್ದಿಯಲ್ಲ. ಮಕ್ಕಳಿಗೆ ಗುಲಾಬಿ ಲೋಷನ್ ಹಚ್ಚಿ, ಟೀವಿ ಮುಂದೆ ಕೂರಿಸಿ, ವಾರ ಕಳೆದ ಮೇಲೆ ಶಾಲೆಗೆ ಕಳಿಸುತ್ತಾರೆ. ನಮ್ಮಲ್ಲಿ ಹಾಗಲ್ಲ. ಮಲ್ಲುವಿನ ಹೊಟ್ಟೆಯ ಮೇಲೆ ಮೊದಲ ನೀರುಗುಳ್ಳೆ ಕಂಡದ್ದೇ ಆಯಿ ಕೆನ್ನೆ ಬಡಿದುಕೊಂಡು ತಾಯಿ ಬಂದಾಳ ಎಂದಳು. ಅಲ್ಲಿಂದ ಮನೆಯ ಕಾನೂನೇ ಬದಲಾಯಿತು. ಒಗ್ಗರಣೆ ಹಾಕುವಂತಿಲ್ಲ, ಕರಿಯುವಂತಿಲ್ಲ, ತಲೆ ಬಾಚುವಂತಿಲ್ಲ. ದೇವಿ ಮನೆಯಲ್ಲಿರುವಷ್ಟು ದಿನ ಒಂದು ಕಡ್ಡಿಯನ್ನೂ ಹೊರಗೆ ಯಾರಿಗೂ ಕೊಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೇನೆಯ ಹೆಸರನ್ನು ಬಾಯಲ್ಲಿ ತರುವಂತಿಲ್ಲ. ಹೆಸರು ಹಿಡಿದರೆ ಆಕೆಗೆ ಸಿಟ್ಟು, ಕಣ್ಣಿಗೋ ಎದೆಗೋ ಇಳಿಯುತ್ತಾಳೆ ಎಂಬ ಭಯ. ಅಪ್ಪ ಅಂಗಡಿಯಿಂದ ತಂದ ಬೇವಿನ ಸೊಪ್ಪನ್ನು ಆಯಿ ಬಾಗಿಲಿಗೆ ಕಟ್ಟಿ, ಹೊಸ್ತಿಲಿಗೆ ಅರಿಸಿನ ಬಳಿದಳು. ನಾವು ಮೊಸರನ್ನ, ತಣ್ಣನೆಯ ಅಂಬಲಿ ಉಣ್ಣುತ್ತಾ ಬೇವಿನ ಹಾಸಿಗೆಯಲ್ಲಿ ಮಲಗಿದೆವು. ಮಲ್ಲುವಿನ ಹಿಂದೆಯೇ ನನಗೂ ಬಂದಿತ್ತು. ನಿಜ ಹೇಳಬೇಕೆಂದರೆ ನನಗೆ ಅದು ಹಬ್ಬದ ಹಾಗೇ ಇತ್ತು. ಆಯಿ ತುರಿಕೆಯಾದಲ್ಲೆಲ್ಲ ಬೇವಿನ ಕಡ್ಡಿಯಿಂದ ಸವರುತ್ತಾ ದೇವಿಯ ಹಾಡು ಹೇಳುತ್ತಿದ್ದಳು.

ಆ ಶನಿವಾರ ಯಾರ ಮೆಟ್ಟಿಲಿಗೂ ಕೊತ್ತಂಬರಿ ಹೋಗಲಿಲ್ಲ. ಲಿಂಡಾ ತಾನೇ ಬಂದು ಬಾಗಿಲು ತಟ್ಟಿದಳು. ಬೇವನ್ನು, ಹಳದಿ ಹೊಸ್ತಿಲನ್ನು ನೋಡಿ ಒಂದು ಹೆಜ್ಜೆ ಹಿಂದೆ ನಿಂತಳು. ಅವ್ವನ ಸೆರಗಿನ ಹಿಂದಿನಿಂದ ಮಲ್ಲು ಇಣುಕಿದ. ಅವನ ಮುಖದ ತುಂಬ ಗುಳ್ಳೆ.

"ಅಯ್ಯೋ, ಮಗುವಿಗೆ ಏನಾಗಿದೆ?"

ಅವ್ವ ಒಳಗೆ ಆಯಿಯ ಕಡೆ ಒಮ್ಮೆ ನೋಡಿದಳು. ಆಯಿ ತಲೆ ಅಲ್ಲಾಡಿಸಿದಳು. ಅವ್ವ ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದಳು.

"ಹೆಸರು ಹೇಳುವಂತಿಲ್ಲ. ಸಾರಿ, ಲಿಂಡಾ. ದಯವಿಟ್ಟು ಒಳಗೆ ಬರಬೇಡಿ."

ಪಾಪ, ಅವ್ವ ನಿಯಮ ಪಾಲಿಸಿದಳು ಅಷ್ಟೇ. ಚಿಕನ್‌ಪಾಕ್ಸ್ ಎಂದು ಒಂದು ಮಾತು ಹೇಳಿದ್ದರೆ ಲಿಂಡಾ ನಕ್ಕು ಗುಲಾಬಿ ಲೋಷನ್ ತಂದುಕೊಡುತ್ತಿದ್ದಳು. ಆದರೆ ಆಕೆಯ ಮಗನಿಗೆ ಇರಾಕಿಗೆ ಹೊರಡುವ ಮೊದಲು ಸೂಜಿಯ ಮೇಲೆ ಸೂಜಿ ಚುಚ್ಚಿದ್ದರು. ಅಲ್ಲಿ ರೋಗವನ್ನೇ ಬಾಂಬಿನಲ್ಲಿ ತುಂಬಿ ಎಸೆಯುತ್ತಾರಂತೆ, ಹಳೆಯ ಸಿಡುಬನ್ನು ಯಾರೋ ಬಚ್ಚಿಟ್ಟಿದ್ದಾರಂತೆ ಎಂದು ಪೇಪರಿನವರು ಬರೆಯುತ್ತಿದ್ದ ಕಾಲ. ಮೈತುಂಬ ಗುಳ್ಳೆ, ಬಾಗಿಲಿಗೆ ಕಟ್ಟಿದ ಎಲೆ, ಹೆಸರು ಹೇಳಬಾರದ ಕಾಯಿಲೆ. ಆಕೆ ಮನೆಗೆ ಹೋಗಿ ಟೆರ್ರಿಗೆ ಹೇಳಿದಳು, ಟೆರ್ರಿ ಕೌನ್ಸಿಲಿಗೆ ಫೋನ್ ಮಾಡಿದ, ಸಂಜೆಯೊಳಗೆ ಲೇನಿಗೆಲ್ಲ ಗೊತ್ತಾಯಿತು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಇಬ್ಬರು ಅಧಿಕಾರಿಗಳು ಬಂದರು. ಮಲ್ಲುವನ್ನು ನೋಡಿದ ಕೂಡಲೇ ಅವರಲ್ಲೊಬ್ಬಾಕೆ ಮಾಸ್ಕ್ ಬಿಚ್ಚಿ, ಇದು ಬರೀ ಚಿಕನ್‌ಪಾಕ್ಸ್ ಎಂದು ಗಟ್ಟಿಯಾಗಿ ಹೆಸರು ಹಿಡಿದು ಹೇಳಿದಳು. ಆಯಿ ಕಿವಿ ಮುಚ್ಚಿಕೊಂಡಳು. ಅಧಿಕಾರಿಗಳು ಮನೆಮನೆಗೂ ಹೋಗಿ ಹೆದರಬೇಡಿ ಎಂದು ಹೇಳಿಯೇ ಹೋದರು. ಆದರೆ ಬೆಂಕಿ ಆರಿದರೂ ಹೊಗೆ ಆರಲಿಲ್ಲ. ನಮ್ಮ ಗೇಟಿನ ಮುಂದೆ ಬಂದಾಗ ಜನ ರಸ್ತೆ ದಾಟಿ ಆ ಕಡೆಯಿಂದ ನಡೆಯುತ್ತಿದ್ದರು. ಲಿಂಡಾ ಬೇಲಿಯ ಹತ್ತಿರ ಬರುವುದನ್ನು ಬಿಟ್ಟಳು.

ಅಷ್ಟರಲ್ಲಿ ಅಪ್ಪನಿಗೂ ಬಂತು. ದೊಡ್ಡವರಿಗೆ ಬಂದರೆ ಅದು ಆಟವಲ್ಲ. ಬಿಸಿಲಿನ ದೇಶದವರಿಗೆ ಎಷ್ಟೋ ಸಲ ಚಿಕ್ಕಂದಿನಲ್ಲಿ ಬಾರದೆ ದೊಡ್ಡವರಾದ ಮೇಲೆ ಬಂದು ಎದೆಗೆ ಇಳಿಯುತ್ತದೆ ಎಂದು ಡಾಕ್ಟರು ಆಮೇಲೆ ವಿವರಿಸಿದರು. ನಮಗೆ ಕಂಡದ್ದು ಇಷ್ಟೇ. ಅಪ್ಪ ಉಸಿರಾಡಲು ಎದ್ದು ಕೂತ, ಮಾತಾಡಲು ಹೋಗಿ ನಿಲ್ಲಿಸಿದ, ತಲೆಯ ಮೇಲೆ ಯಾವ ವಿಮಾನವೂ ಇರಲಿಲ್ಲ. ಆಂಬುಲೆನ್ಸ್ ಬಂದಾಗ ಲೇನಿನ ಪರದೆಗಳೆಲ್ಲ ಅಲುಗಿದವು, ಬಾಗಿಲು ಒಂದೂ ತೆರೆಯಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಅವ್ವ ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಸಂಜೆ ಬರುತ್ತಿದ್ದಳು. ಆಯಿಯೂ ನಾನೂ ಗಾಜಿನ ಮನೆಗೆ ನೀರು ಹಾಯಿಸಿದೆವು. ಕೊತ್ತಂಬರಿ ಕೊಯ್ಯುವವರಿಲ್ಲದೆ ಹೂಬಿಟ್ಟಿತು. ಬಿಳಿ ಹೂವಿನ ನಡುವೆ ಪೈಪು ಹಿಡಿದು ನಿಂತು ಆಯಿ ಯಾರಿಗೋ ಹೇಳುವವಳ ಹಾಗೆ ದೊಡ್ಡದಾಗಿ ಹೇಳಿದಳು.

"ನನ್ನ ಮಗನ್ನ ಮನಿಗೆ ಕಳಸವಾ. ಐದು ಮನಿ ಜೋಗ ಬೇಡ್ತೀನಿ."

ಜೋಗ ಬೇಡುವುದೆಂದರೆ ಎಲ್ಲಮ್ಮನ ಹೆಸರಿನಲ್ಲಿ, ಬರಿಗಾಲಲ್ಲಿ, ಬುಟ್ಟಿ ಹಿಡಿದು, ಮನೆಮನೆಯ ಬಾಗಿಲಲ್ಲಿ ನಿಂತು ಹಿಟ್ಟೋ ಕಾಳೋ ಬೇಡಿ ತರುವುದು. ಕೊಟ್ಟವರ ಹಣೆಗೆ ಭಂಡಾರ ಎಂದು ಅರಿಸಿನದ ಪುಡಿ ಹಚ್ಚುವುದು. ತಂದದ್ದನ್ನು ಬೇಯಿಸಿ ಮನೆಮಂದಿಯೆಲ್ಲ ಉಣ್ಣುವುದು. ಎಷ್ಟು ದೊಡ್ಡ ಗೌಡತಿಯಾದರೂ ಹರಕೆ ಹೊತ್ತರೆ ಬೇಡಲೇಬೇಕು.

ಅಪ್ಪ ಬಂದ. ಅರ್ಧ ಆಳಾಗಿದ್ದ. ಹಜಾರದ ಸೋಫಾದಲ್ಲಿ ಕಂಬಳಿ ಹೊದ್ದು ಕೂತು, ಚಹಾ ಕೂಡ ಮುಗಿಸದೆ, ಲೀಸು ಬಿಡುತ್ತೇನೆ ಎಂದ. ಈ ಲೇನಿನಲ್ಲಿ ಇನ್ನು ಒಂದು ಬೇಸಿಗೆಯೂ ಇರುವುದಿಲ್ಲ, ರೇನರ್ಸ್ ಲೇನಿನಲ್ಲಿ ಫ್ಲ್ಯಾಟ್ ನೋಡಿಕೊಂಡು ಯಾವುದಾದರೂ ಗೋದಾಮಿನ ಕೆಲಸ ಹಿಡಿಯುತ್ತೇನೆ ಎಂದ. ಆ ಮನೆ ನನಗೆ ಬರೀ ಮನೆಯಾಗಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಗೆ ಹೊಕ್ಕೊಡನೆ ಕನ್ನಡಕ ಮಂಜಾಗುವುದು, ಪುಂಡಿಪಲ್ಯದ ಮಡಿಯ ಪಕ್ಕದ ನನ್ನ ತಲೆಕೆಳಗಾದ ಕ್ರೇಟು, ಅದರ ಮೇಲೆ ಕೂತು ಓದಿದ ಪುಸ್ತಕಗಳು, ಎಲ್ಲವೂ ಹೋಗಿಬಿಡುತ್ತವೆ. ನಾನು ಅತ್ತೆ. ಅಪ್ಪ ನನ್ನ ಕಡೆ ನೋಡಲಿಲ್ಲ. ಆಗ ಆಯಿ ಜೋಗದ ಮಾತು ತೆಗೆದಳು, ಅಪ್ಪ ಕೂತಲ್ಲಿಂದಲೇ ಅಂದ.

"ಬೇಡಾಕೇನು, ಬೇಡು. ರೇನರ್ಸ್ ಲೇನಿಗೆ ಕರಕೊಂಡು ಹೋಗ್ತೀನಿ. ನಮ್ಮವರದs ಐದು ಮನಿ ಅದಾವ, ಅಕ್ಕಿ, ಬ್ಯಾಳಿ ಚಲೋ ಕೊಡ್ತಾರ."

"ಅದು ಜೋಗ ಅಲ್ಲಪಾ, ಔತಣ. ಜೋಗ ಬೇಡೂದು ಓಣ್ಯಾಗ. ನಮ್ಮ ಹೊಸ್ತಿಲಾ ಕಾಣೂ ಮನಿಗೋಳ ಮುಂದ."

"ಈ ಓಣ್ಯಾಗ? ನಾ ಸಾಯಾಕ ಹತ್ತಿದ್ದಾಗ ಒಬ್ಬರರ ಬಾಗಲಾ ತಗದಾರೇನ? ಅವರ ಮುಂದ ನನ್ನ ಅವ್ವ ಕೈ ಒಡ್ಡಬೇಕೇನ?"

"ಮಾತು ಕೊಟ್ಟಾಕಿ ನಾನು. ಹರಕಿ ಮುಟ್ಟಿಸಿ ಎಲ್ಲಿಗೆ ಕರದರೂ ಬರತೀನಿ."

ಲೇನಿನಲ್ಲಿ ನಮ್ಮದನ್ನು ಬಿಟ್ಟರೆ ಇದ್ದದ್ದೇ ಐದು ಮನೆ. ಆರಿಸಿಕೊಳ್ಳಲು ಏನೂ ಇರಲಿಲ್ಲ. ಲಿಂಡಾಳ ಮನೆಯೂ ಲೆಕ್ಕಕ್ಕೆ ಬರಲೇಬೇಕು.

ಮಂಗಳವಾರ ಬೆಳಿಗ್ಗೆ ಆಯಿ ತಣ್ಣೀರು ಮಿಂದು, ಹಸಿರು ಇಳಕಲ್ ಸೀರೆ ಉಟ್ಟು, ಹಣೆತುಂಬ ಭಂಡಾರ ಬಳಿದುಕೊಂಡು, ಬರಿಗಾಲಲ್ಲಿ ಹೊರಟಳು. ಜೋಗದ ಬುಟ್ಟಿ ಇರಲಿಲ್ಲ, ಅಪ್ಪನ ಮೆಣಸಿನಕಾಯಿಯ ಬುಟ್ಟಿಯನ್ನೇ ತೊಳೆದು ಹಿಡಿದಿದ್ದಳು. ಅವ್ವ ಕೋಟು ಹೊದಿಸಲು ಹೋದರೆ ಕೊಡವಿದಳು. ಡಾಂಬರಿನ ಮೇಲೆ ಇನ್ನೂ ಬೆಳಗಿನ ಥಂಡಿ ಇತ್ತು. ದುಭಾಷಿಯಾಗಿ ಹೊರಟವಳು ನಾನು. ಬೂಟು ಬಿಚ್ಚು ಎಂದು ಆಯಿ ಹೇಳಲಿಲ್ಲ, ಆದರೆ ನನ್ನ ಬೂಟನ್ನು ಒಮ್ಮೆ ನೋಡಿದಳು, ನಾನು ಬಿಚ್ಚಿದೆ. ಲೇನಿನ ಆ ತುದಿಯ ಮೊದಲ ಮನೆ ಡೋರೀನ್ ಎಂಬ ವಿಧವೆಯದು. ಆಯಿ ಬೆಲ್ ಒತ್ತಲಿಲ್ಲ. ಗೇಟಿನಲ್ಲಿ ನಿಂತು, ಸವದತ್ತಿಯ ಗುಡ್ಡಕ್ಕೇ ಕೇಳಬೇಕು ಎನ್ನುವ ಹಾಗೆ ಕೂಗಿದಳು.

"ಉಧೋ ಉಧೋ! ತಾಯಿ ಜೋಗಾ ನೀಡ್ರೀ!"

ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡೋರೀನ್ ಡ್ರೆಸಿಂಗ್ ಗೌನಿನಲ್ಲಿ ಹೊರಬಂದಳು. ಅಪ್ಪ ಬದುಕಿ ಬಂದಿದ್ದಾನೆ, ಅದಕ್ಕೆ ಅಜ್ಜಿ ಐದು ಮನೆಯಲ್ಲಿ ಹಿಟ್ಟು ಬೇಡುತ್ತೇನೆಂದು ದೇವಿಗೆ ಮಾತು ಕೊಟ್ಟಿದ್ದಾಳೆ ಎಂದು ನಾನು ನೆಲ ನೋಡುತ್ತಾ ಒಪ್ಪಿಸಿದೆ. ಡೋರೀನ್ ಒಳಗೆ ಹೋಗಿ ಹಿಟ್ಟಿನ ಪೊಟ್ಟಣ ತಂದು ಇಡಿಯಾಗಿ ಬುಟ್ಟಿಗೆ ಇಟ್ಟಳು. ತನ್ನ ಹಣೆಗೆ ಆಯಿ ಹಚ್ಚಿದ ಅರಿಸಿನವನ್ನು ಮುಟ್ಟಿ ನೋಡಿಕೊಂಡು, ನನಗೊಂದು ಮಾತು ಹೇಳಿದಳು.

"ನಿಮ್ಮ ಮನೆಯಲ್ಲಿ ನಮ್ಮಮ್ಮನ ಚಿಕ್ಕಂದಿನಲ್ಲಿ ಒಂದು ಜರ್ಮನ್ ಕುಟುಂಬ ಇತ್ತು. ಆ ಗಾಜಿನ ಮನೆ ಮೊದಲು ಕಟ್ಟಿದವರೇ ಅವರು, ಕೋಸು, ಸೌತೆಕಾಯಿ ಬೆಳೆಯುತ್ತಿದ್ದರು. ಮೊದಲ ಮಹಾಯುದ್ಧ ಬಂದಾಗ ಈ ಲೇನಿನವರೇ ಅವರ ಗಾಜು ಒಡೆದರು. ಆಮೇಲೆ ಊರಿಗೆಲ್ಲ ದೊಡ್ಡ ಫ್ಲೂ ಬಂತು. ಆ ಹೆಂಗಸು, ಅವಳ ಮಗು, ಇಬ್ಬರೂ ಒಳಗೇ ಮಲಗಿದ್ದರು. ಯಾರೂ ಹೋಗಲಿಲ್ಲ. ಉಳಿದವರು ಊರು ಬಿಟ್ಟರು. ನಮ್ಮಮ್ಮ ಮುದುಕಿಯಾದ ಮೇಲೂ ಅದನ್ನೇ ಹೇಳುತ್ತಿದ್ದಳು, ಒಂದು ಪಾತ್ರೆ ಸೂಪ್ ಕೊಡಬಹುದಿತ್ತು ಎಂದು. ನಾನೂ ಪರದೆ ಸರಿಸಿ ನೋಡಿದೆ ಅಷ್ಟೇ, ಪುಟ್ಟಿ. ಬರಲಿಲ್ಲ."

ಅದನ್ನು ನಾನು ಆಯಿಗೆ ಕನ್ನಡದಲ್ಲಿ ಹೇಳಿದೆ. ಆಯಿ ಡೋರೀನಳ ಗಲ್ಲ ಸವರಿ, ತನ್ನ ಬೈಗುಳದ ದನಿಯಲ್ಲಿ ಥ್ಯಾಂಕ್ಯೂ ಎಂದಳು. ಎರಡನೆಯ ಮನೆಯ ಐರಿಷ್ ದಂಪತಿ ಓಟ್ಸ್ ಕೊಟ್ಟರು, ತಮ್ಮ ಊರಿನಲ್ಲೂ ಬರಿಗಾಲಲ್ಲಿ ಬೆಟ್ಟ ಹತ್ತುವ ಹರಕೆ ಇದೆ ಎಂದು ಖುಷಿಪಟ್ಟರು. ಮೂರನೆಯ ಮನೆಯವಳು ಬಾಗಿಲ ಸಂದಿಯಿಂದಲೇ ಒಂದು ಕಪ್ ಅಕ್ಕಿ ಸುರಿದು, ಭಂಡಾರಕ್ಕೆ ಹಣೆ ಕೊಡದೆ ಮುಚ್ಚಿಕೊಂಡಳು. ಕೊಟ್ಟಳಲ್ಲ, ಸಾಕು ಎಂದಳು ಆಯಿ. ನಾಲ್ಕನೆಯ ಮನೆಯ ಹುಡುಗರು ಮನೆಯಲ್ಲಿ ಅಡುಗೆಯೇ ಮಾಡುವವರಲ್ಲ, ಹುಡುಕಿ ಹುಡುಕಿ ಮುರಿದ ಪಾಸ್ತಾ ಕೊಟ್ಟರು. ಇನ್ನು ಉಳಿದದ್ದು ಲಿಂಡಾಳ ಗೇಟು.

"ಉಧೋ ಉಧೋ!"

ಬಾಗಿಲು ತೆರೆದವನು ಟೆರ್ರಿ. ನಾನು ಹೇಳುವುದನ್ನು ಅರ್ಧ ಕೇಳಿ, ಇದೆಲ್ಲ ಇಲ್ಲಿ ಬೇಡ, ಮನೆಗೆ ಹೋಗು ಪುಟ್ಟಿ ಎಂದು ಬಾಗಿಲು ಹಾಕಿದ. ಜೋರಾಗಿ ಹಾಕಲಿಲ್ಲ, ಆದರೂ ಹಾಕಿದ. ಆಯಿ ಕದಲಲಿಲ್ಲ. ಜೋಗಕ್ಕೆ ಹೊರಟವರು ಬುಟ್ಟಿ ಕೆಳಗಿಡುವಂತಿಲ್ಲ, ಕೂರುವಂತಿಲ್ಲ, ಒಂದು ಮನೆ ಬಾಕಿ ಇಟ್ಟು ತಿರುಗುವಂತಿಲ್ಲ. ವಿಮಾನಗಳು ಒಂದರ ಹಿಂದೊಂದು ಇಳಿದವು. ನನ್ನ ಪಾದ ಮರಗಟ್ಟಿತು. ಆಯಿಯ ಪಾದ ನೀಲಿಯಾಗಿತ್ತು. ಕೊನೆಗೆ ನಮ್ಮ ಬಾಗಿಲು ತೆರೆಯಿತು. ಅಪ್ಪ ಕಂಬಳಿ ಹೊದ್ದುಕೊಂಡು, ಬೇಲಿ ಹಿಡಿದು ಹಿಡಿದು, ಕೆಮ್ಮುತ್ತಾ ಬಂದ.

"ಅವ್ವಾ, ಸಾಕು ನಡಿ. ನನ್ನ ಸಲುವಾಗಿ ನೀ ಇವರ ಬಾಗಲದಾಗ ನಿಲ್ಲೂದು ನನಗ ಬ್ಯಾಡ."

"ನಿನ್ನ ಸಲುವಾಗಿ ಯಾರು ನಿಂತಾರ? ನನ್ನ ಮಗನ ಸಲುವಾಗಿ ನಿಂತೀನಿ. ನೀ ಒಳಗ ಹೋಗು, ಗಾಳಿ ಐತಿ."

ಆಗ ಬಾಗಿಲು ಮತ್ತೆ ತೆರೆಯಿತು. ಈ ಸಲ ಲಿಂಡಾ. ಆಕೆ ಆಯಿಯನ್ನು ನೋಡುತ್ತಿರಲಿಲ್ಲ. ಆಂಬುಲೆನ್ಸಿನ ದಿನದ ನಂತರ ಕಾಣದಿದ್ದ ಅಪ್ಪನನ್ನು, ಅವನ ಮುಖದ ಕಲೆಗಳನ್ನು, ಸಡಿಲವಾದ ಪ್ಯಾಂಟನ್ನು ನೋಡುತ್ತಿದ್ದಳು. ಅಜ್ಜಿ ಏನು ಕೇಳುತ್ತಿದ್ದಾಳೆ ಎಂದು ನನ್ನನ್ನು ಕೇಳಿದಳು. ನಾನು ಐದನೆಯ ಸಲ ಅದೇ ಮಾತು ಒಪ್ಪಿಸಿದೆ. ಮಗ ಮನೆಗೆ ಬಂದರೆ ಬೇಡುತ್ತೇನೆಂದು ಮಾತು ಕೊಟ್ಟಿದ್ದಳು, ಬಂದ, ಬೇಡುತ್ತಿದ್ದಾಳೆ. ಲಿಂಡಾ ಮೆಟ್ಟಿಲಿಳಿದು ಗೇಟಿನ ತನಕ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಬಂದ ಮೇಲೆ ಬೇಡುವುದಾ, ಅಥವಾ ಮೊದಲೇ ಬೇಡಬಹುದಾ?"

ನಾನು ಆಯಿಯ ಕಡೆ ತಿರುಗಿ ಕೇಳಿದೆ. ಆಯಿಗೆ ಆ ಪ್ರಶ್ನೆ ಯಾಕೆ ಬಂತೆಂದು ನನಗಿಂತ ಮೊದಲೇ ತಿಳಿದಿತ್ತು.

"ಈಗ ಮನಸಿನ್ಯಾಗ ಮಾತು ಕೊಡು ಅನ್ನು. ಬಂದ ಮ್ಯಾಲೆ ಕಾಲಾಗ ನಡಿ ಅನ್ನು. ಹೆತ್ತಾಕೀನs ನಡೀಬೇಕು, ನಾ ನಡದರ ಆಗಂಗಿಲ್ಲ."

ಲಿಂಡಾ ಒಳಗೆ ಹೋಗಿ ಒಂದು ಬಟ್ಟಲು ಹಿಟ್ಟು ತಂದು ಬುಟ್ಟಿಗೆ ಸುರಿದಳು. ಅರ್ಧ ಹಿಟ್ಟು ಆಯಿಯ ಸೀರೆಗೆ ಬಿತ್ತು. ಆಯಿ ಅವಳ ಹಣೆಗೆ ಭಂಡಾರ ಹಚ್ಚಿದಳು. ಅಪ್ಪ ಅವಳಿಗೆ ಬೆನ್ನು ತಿರುಗಿಸಿ ಮನೆಗೆ ನಡೆದ.

ಆ ಮಧ್ಯಾಹ್ನ ಆಯಿ ಐದು ಮನೆಯದನ್ನೂ ಒಂದೇ ಪಾತ್ರೆಗೆ ಹಾಕಿ, ಬೆಲ್ಲ ಸುರಿದು ಬೇಯಿಸಿದಳು. ಡೋರೀನ್ ಕೊಟ್ಟದ್ದು ಕೇಕಿನ ಉಬ್ಬುವ ಹಿಟ್ಟು, ಆದ್ದರಿಂದ ಆ ಪ್ರಸಾದ ಪಾತ್ರೆಯಿಂದ ಎದ್ದು ಒಲೆಯ ಮೇಲೆಲ್ಲ ಓಡಾಡಿತು. ನಡುನಡುವೆ ಪಾಸ್ತಾ. ಅಷ್ಟು ಕೆಟ್ಟ ಅಡುಗೆಯನ್ನು ನಾನು ಮತ್ತೆ ಉಂಡಿಲ್ಲ, ಅಷ್ಟು ನಕ್ಕೂ ಇಲ್ಲ. ಅಪ್ಪ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ, ತಾಟಿನಲ್ಲಿದ್ದುದನ್ನು ಪೂರ್ತಿ ಉಂಡ. ಲೀಸು ಬಿಡುವ ಮಾತು ಹಾಗೇ ಉಳಿಯಿತು. ಈ ಸುಗ್ಗಿ ಮುಗಿಯಲಿ, ಆಮೇಲೆ ಹೊರಡೋಣ ಎಂದ. ಬೇಸಿಗೆಯೆಲ್ಲ ನಾನು ಪ್ರತಿ ಕೊಯ್ಲಿಗೂ ಇದೇ ಕೊನೆಯದೇನೋ ಎಂದುಕೊಳ್ಳುತ್ತಲೇ ಕ್ರೇಟು ತುಂಬಿದೆ. ಅಪ್ಪ ರೇನರ್ಸ್ ಲೇನಿನಲ್ಲಿ ಒಂದೆರಡು ಫ್ಲ್ಯಾಟನ್ನೂ ನೋಡಿ ಬಂದ. ಅವ್ವ ಶನಿವಾರದ ಕೊತ್ತಂಬರಿಯನ್ನು ಮತ್ತೆ ಶುರುಮಾಡಿದಳು, ಆದರೆ ಅಪ್ಪ ಲಿಂಡಾ, ಟೆರ್ರಿ ಎದುರಾದರೆ ಗಾಜಿನ ಮನೆಯೊಳಗೆ ಹೋಗಿಬಿಡುತ್ತಿದ್ದ. ಪರದೆ ಅಲುಗಿದ ಆ ಸಂಜೆಯನ್ನು ಅವನಿಗೆ ಮರೆಯಲು ಆಗಿರಲಿಲ್ಲ. ನಾನೂ ಅವನನ್ನು ತಪ್ಪು ಎನ್ನಲಾರೆ.

ಚಳಿ ಮತ್ತೆ ಕಾಲಿಡುವ ಹೊತ್ತಿಗೆ ಡ್ಯಾರೆನ್ ಬಂದ. ಟ್ಯಾಕ್ಸಿಯಿಂದ ಇಳಿಯುವುದನ್ನು ನಾನು ಮಾಳಿಗೆಯ ಕಿಟಕಿಯಿಂದ ನೋಡಿದೆ. ಕೈಕಾಲು ನೆಟ್ಟಗಿದ್ದವು. ಆದರೆ ವಿಮಾನ ತಲೆಯ ಮೇಲೆ ಬಂದಾಗ ಬ್ಯಾಗು ಬಿಟ್ಟು ಬೇಲಿಯ ಪಕ್ಕ ಕುಸಿದು ಕೂತ. ಟೆರ್ರಿ ಅವನ ಹೆಗಲ ಮೇಲೆ ಕೈಯಿಟ್ಟು, ಅದು ದಾಟುವ ತನಕ ಜೊತೆಗೇ ನೆಲದ ಮೇಲೆ ಕೂತಿದ್ದ.

ಅದಾಗಿ ಕೆಲವು ದಿನಕ್ಕೆ, ಮಂಗಳವಾರವೂ ಅಲ್ಲ ಶುಕ್ರವಾರವೂ ಅಲ್ಲ, ಒಂದು ಬುಧವಾರ ಬೆಳಿಗ್ಗೆ ನಮ್ಮ ಗೇಟಿನಲ್ಲಿ ಯಾರೋ ಕೆಮ್ಮಿದರು. ಅಪ್ಪನೇ ಬಾಗಿಲು ತೆರೆದ. ಲಿಂಡಾ ನಿಂತಿದ್ದಳು. ಕೈಯಲ್ಲಿ ಕೇಕ್ ಕಲಸುವ ದೊಡ್ಡ ಬಟ್ಟಲು. ನೈಟಿಯ ಮೇಲೆ ಕೋಟು, ಕೆಂಪು ಬಣ್ಣ ಹಚ್ಚಿದ ಉಗುರುಗಳ ಬರಿಗಾಲು ಒದ್ದೆ ಮೆಟ್ಟಿಲ ಮೇಲೆ. ಕೂಗುವುದು ಹೇಗೆಂದು ಆಕೆಗೆ ಬರುತ್ತಿರಲಿಲ್ಲ. ಅಪ್ಪನ ಮುಖವನ್ನೇ ನೋಡಿ ಹೇಳಿದಳು.

"ಆ ದಿನ ಗೇಟಿನಲ್ಲಿ ಮಾತು ಕೊಟ್ಟಿದ್ದೆ. ನಿಮ್ಮ ಮನೆಯಿಂದಲೇ ಶುರುಮಾಡಬೇಕು ಅನ್ನಿಸಿತು. ನೀವು ಕೊಡದಿದ್ದರೆ ನನಗೆ ಅರ್ಥವಾಗುತ್ತದೆ."

ವಿಮಾನ ಬಂತು, ಹೋಯಿತು. ಅಪ್ಪ ಬಾಗಿಲಿನ ಚೌಕಟ್ಟು ಹಿಡಿದು ನಿಂತೇ ಇದ್ದ. ನಾನು ಆಯಿಯ ಸೀರೆ ಹಿಡಿದುಕೊಂಡು, ದೇವರೇ, ಈತ ಬಾಗಿಲು ಹಾಕದಿರಲಿ ಎಂದು ಬೇಡಿಕೊಂಡೆ. ಅಪ್ಪ ತಿರುಗಿ ಅಡುಗೆಮನೆಗೆ ಬಂದ. ಜೋಳದ ಹಿಟ್ಟಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಆ ಬಟ್ಟಲಿಗೆ ಸುರಿಯಲು ಶುರುಮಾಡಿದ. ಬಟ್ಟಲು ತುಂಬುತ್ತಾ ಬಂದರೂ ನಿಲ್ಲಿಸಲಿಲ್ಲ. ಅವನ ಹೆಗಲು ಅಲುಗುತ್ತಿತ್ತು, ಅಳುತ್ತಿದ್ದ. ಆಯಿ ಹಿಂದಿನಿಂದ ಬಂದು ಅವನ ಮಣಿಕಟ್ಟು ಹಿಡಿದಳು.

"ಸಾಕು ಬಿಡೋ. ಆಕಿಗೆ ಇನ್ನ ನಾಕು ಮನಿ ಅದಾವ, ಜಾಗಾ ಉಳಸು."